ಬಕೆಟ್ಟಿನ ಎರೆಮಣ್ಣು

ಮಾದನಾಯಕನಹಳ್ಳಿಯಲ್ಲಿ ತಾರಸಿ ಇರುವ ಒಂದು ಕೋಣೆಗೆ ತಿಂಗಳಿಗೆ ಆರು ಸಾವಿರ ಬಾಡಿಗೆ, ಐವತ್ತು ಸಾವಿರ ಅಡ್ವಾನ್ಸ್. ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ, ಕಲ್ಲುಗುಡ್ಡದ ಬುಡದಲ್ಲಿರುವ ಶೀಟಿನ ಮನೆಗೆ ಹದಿನೆಂಟು ನೂರು, ಅಡ್ವಾನ್ಸ್ ಇಲ್ಲ. ಗುಡ್ಡ ಯಾವಾಗ ಸಿಡಿಯುತ್ತದೋ ಎಂಬ ಭಯಕ್ಕೆ ಬಿಟ್ಟ ರಿಯಾಯಿತಿ ಅದು. ಕ್ವಾರಿ ನಿಂತು ಆರು ವರ್ಷವಾಗಿದ್ದರಿಂದ ಚನ್ನಕ್ಕನಿಗೆ ಆ ರಿಯಾಯಿತಿಯಲ್ಲೇ ಬದುಕು ನಡೆಯುತ್ತಿತ್ತು. ಗೋದಾಮಿನಲ್ಲಿ ಡಬ್ಬ ಕಟ್ಟಿದರೆ ಅವಳಿಗೆ ತಿಂಗಳಿಗೆ ಸಿಗುವುದು ಹನ್ನೊಂದು ಸಾವಿರ. ಗಂಡ ಮುದಕಪ್ಪ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿಂದ ಬಿದ್ದು, ಕಾಲಿಗೆ ರಾಡ್ ಹಾಕಿಸಿಕೊಂಡು ಬಾಗಿಲಲ್ಲಿ ಕೂತಿದ್ದ.

ಫೆಬ್ರವರಿಯಲ್ಲಿ ಕ್ವಾರಿ ಮತ್ತೆ ಶುರುವಾಗುವ ಸುದ್ದಿ ಬಂತು. ಬುಡದ ಹದಿನಾಲ್ಕೂ ಮನೆ ಖಾಲಿ ಮಾಡಬೇಕು.

ಅದನ್ನು ತಡೆಯುವ ದಾರಿ ತೋರಿಸಿದವಳು ಶೈಲಶ್ರೀ, ಭಾನುವಾರಗಳಲ್ಲಿ ಗುಡ್ಡ ಹತ್ತಿ ಗಿಡಗಳ ಫೋಟೋ ತೆಗೆಯುವ ಕಾಲೇಜು ಮೇಡಂ. ಕ್ವಾರಿ ಕೊರೆದ ಗೋಡೆಯ ನೆರಳಿನ ಕಡೆ, ಬರೀ ಬಂಡೆಗೆ ಅಂಟಿಕೊಂಡು ಹನ್ನೊಂದು ಬುಡ ಗಿಡ ಇದ್ದವು. ದಪ್ಪ ಎಲೆ, ಗಾಳಿಯಲ್ಲಿ ಜೋತುಬಿದ್ದ ಬಿಳಿ ಬೇರು.

"ಇದು ಕಾಡು ಆರ್ಕಿಡ್ ಕಣ್ರೀ, ಮರಬಾಳೆ. ಮರದ ಮೇಲೆ ಇರಬೇಕಾದ್ದು."

"ಮರ ಎಲ್ಲೈತ್ರೀ ಮೇಡಮ್ಮಾರ? ಪಾಪ, ನಮ್ಮಂಗ ಸಿಕ್ಕಲ್ಲೇ ಮನಿ ಮಾಡ್ಯಾವು," ಎಂದಳು ಚನ್ನಕ್ಕ.

ಶೈಲಶ್ರೀ ನಕ್ಕಳು. "ಕಲ್ಲಿನ ಮೇಲೆ ಹೀಗೆ ನಾನು ನೋಡೇ ಇಲ್ಲ. ಏಪ್ರಿಲ್ ಇಪ್ಪತ್ತಕ್ಕೆ ಅಧಿಕಾರಿಗಳು ಬರ್ತಾರೆ. ಅಷ್ಟೊತ್ತಿಗೆ ಹೂವಿರಬೇಕು. ಹೂ ನೋಡದೆ ಯಾವ ಜಾತಿ ಅಂತ ಯಾರೂ ಬರೆದುಕೊಡಲ್ಲ. ಅಪರೂಪದ ಜಾತಿ ಅಂತ ಬರೆದುಕೊಟ್ರೆ ಗುಡ್ಡ ಉಳಿಯುತ್ತೆ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

ಮಾರ್ಚ್ ಕೊನೆಗೆ ಮೂರು ಬುಡಗಳಲ್ಲಿ ಮೊಗ್ಗು ಬಂತು. ಏಪ್ರಿಲ್ ಮೊದಲ ವಾರ ಬಿಸಿಲು ಏರಿ, ಎಲೆಗಳು ಸುಕ್ಕಾದವು. ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಕೊಂಡ ಶೈಲಶ್ರೀ ಆ ಭಾನುವಾರಗಳಲ್ಲಿ ಬರಲಿಲ್ಲ. ಚನ್ನಕ್ಕನದು ಸುರಪುರದ ಕಡೆ ಹತ್ತಿಗಿಡ, ಮೆಣಸಿನಗಿಡಗಳ ಬುಡಕ್ಕೆ ಮಣ್ಣು ಏರಿಸುತ್ತ ಬೆಳೆದ ಕೈ. ಬೇರು ಬಯಲಿಗೆ ಬಿದ್ದರೆ ಗಿಡ ಸಾಯುತ್ತದೆ ಎಂಬುದು ಆ ಕೈಗೆ ಗೊತ್ತು. ಮನೆಮುಂದೆ ಎರಡು ಪೇಂಟ್ ಬಕೆಟ್ಟುಗಳಲ್ಲಿ ಊರಿಂದ ಹೊತ್ತು ತಂದ ಕಪ್ಪು ಎರೆಮಣ್ಣಿನಲ್ಲಿ ಪುಂಡಿಪಲ್ಯದ ಸೊಪ್ಪು ಬೆಳೆದಿತ್ತು. ಅದನ್ನು ಕಿತ್ತಳು.

"ಪುಂಡಿ ಯಾಕ ಕಿತ್ತಿ ಬೇ?" ಮುದಕಪ್ಪ ಕೇಳಿದ.

"ಪುಂಡಿ ಮತ್ತ ಬರ್ತದ. ಮನಿ ಹೋದ್ರ ಬರ್ತದೇನು?"

"ಮೇಡಮ್ಮಗ ಒಂದು ಫೋನ್ ಹಚ್ಚಿ ಕೇಳು."

"ಗಿಡಕ್ಕ ಮಣ್ಣು ಹಾಕಾಕ ಫೋನ್ ಹಚ್ಚಬೇಕೇನು? ನಕ್ಕಾಳು ಆಕಿ."

ಕೈಗೆಟುಕುವ ಹತ್ತು ಬುಡಗಳಿಗೂ ಮಣ್ಣು ಮೆತ್ತಿದಳು. ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಬಿರಿಯದಿರಲೆಂದು ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಎರಡು ಕೊಡ ನೀರು ಹೊತ್ತು ಹತ್ತಿದಳು. ವಾರಕ್ಕೆ ಬುಡದ ಎಲೆಗಳು ಉದುರಿದವು. ನೀರು ಸಾಲಲಿಲ್ಲವೆಂದು ಮೂರನೆಯ ಕೊಡ ಹೊತ್ತಳು. ಮೊಗ್ಗುಗಳು ಹಳದಿಯಾದವು. ನಾಲ್ಕನೆಯದನ್ನೂ ಹೊತ್ತಳು. ಎರಡು ದಿನ ಕೆಲಸಕ್ಕೆ ಹೋಗದೆ, ಸೀರೆಯ ನೆರಳು ಕಟ್ಟಿ ಅಲ್ಲೇ ಕೂತಳು.

ಇಪ್ಪತ್ತನೇ ತಾರೀಕು ಶೈಲಶ್ರೀ ಇಬ್ಬರು ಅಧಿಕಾರಿಗಳನ್ನು ಕರೆತಂದಳು. ಅವಳು ಮಣ್ಣು ಬಿಡಿಸಿ ಬೇರು ಹಿಡಿದರೆ, ಕೊಳೆತ ಸಿಪ್ಪೆ ಬೆರಳಿಗೆ ಜಾರಿ ಬಂತು.

"ಯಾರು ಮಣ್ಣು ಹಾಕಿದ್ದು?"

"ನಾನೇ ರೀ."

"ಚನ್ನಕ್ಕಾ, ಇದರ ಬೇರು ಗಾಳೀಲೇ ಇರಬೇಕು. ಮಣ್ಣಲ್ಲಿ ಮುಚ್ಚಿದ್ರೆ ಕೊಳೆಯುತ್ತೆ. ಮುಟ್ಟಬೇಡಿ ಅಂದಿದ್ನಲ್ಲ!"

"ಸಾಯೋದು ನೋಡ್ಕೋತ ಹ್ಯಾಂಗ ಕೂಡ್ಲಿ ರೀ?"

ಎಲೆ ಸುಕ್ಕಾದದ್ದು ಬೇಸಿಗೆ ಕಳೆಯುವ ರೀತಿಯೇ ಹೊರತು ಸಾವಲ್ಲ ಎಂಬುದು ಶೈಲಶ್ರೀಗೆ ಗೊತ್ತಿತ್ತು. ಗಿಡಕ್ಕೆ ಮಣ್ಣು ಹಾಕಬೇಡಿ ಎಂದು ಎಚ್ಚರಿಸಬೇಕೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

"ಸಾಹೇಬ್ರ, ಮ್ಯಾಲೆ ಇನ್ನೊಂದೈತ್ರಿ! ಅದು ಚಲೋ ಐತಿ!" ಚನ್ನಕ್ಕ ಕೈಗೆಟುಕದ ಹನ್ನೊಂದನೆಯ ಬುಡ ತೋರಿಸಿದಳು.

ಹಿರಿಯ ಅಧಿಕಾರಿ ತಲೆ ಎತ್ತಿ ನೋಡಿದರು. "ಮೊಗ್ಗೇ ಇಲ್ವಲ್ಲಮ್ಮ."

"ಮುಂದಿನ ವರ್ಷ ಬಿಡ್ತದ್ರೀ. ನಾ ಮುಟ್ಟಂಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಮುಟ್ಟಂಗಿಲ್ಲ."

"ಮುಂದಿನ ವರ್ಷದ ಹೂವನ್ನ ಇವತ್ತು ಹೆಂಗಮ್ಮ ಬರೀಲಿ?" ಎಂದು ಅವರು ಮೆತ್ತಗೇ ಹೇಳಿ, ಹೂವಿಲ್ಲ ಎಂದು ಬರೆದುಕೊಂಡು ಇಳಿದುಹೋದರು.

ಮೇ ಎರಡಕ್ಕೆ ಮನೆ ಖಾಲಿಯಾಯಿತು. ಆರು ಸಾವಿರದ ಕೋಣೆ ಅವಳ ಕೈಗೆ ಎಟುಕಲಿಲ್ಲ. ಮುದಕಪ್ಪನನ್ನು ಸುರಪುರದಲ್ಲಿ ಅವನ ತಂಗಿಯ ಮನೆಗೆ ಬಿಟ್ಟು ಬಂದಳು. ತಾನು ಪೀಣ್ಯದ ಒಂದು ಕೋಣೆಯಲ್ಲಿ ಇನ್ನು ಮೂವರು ಹೆಂಗಸರ ಜೊತೆ ಸೇರಿಕೊಂಡಳು. ಗುಡ್ಡದಲ್ಲಿ ಮದ್ದು ಸಿಡಿಯತೊಡಗಿತು. ಹನ್ನೊಂದು ಬುಡಗಳಲ್ಲಿ ಹತ್ತು ಅವಳ ಕೈಯಿಂದ ಸತ್ತವು, ಒಂದು ಮದ್ದಿಗೆ ಹೋಯಿತು. ಮನೆ ಹೋಯಿತು, ಗಂಡನ ಜೊತೆಗಿನ ಬಾಳು ಹೋಯಿತು. ಉಳಿದದ್ದು ಎರಡು ಖಾಲಿ ಬಕೆಟ್ಟು.