ಪುಟ್ಟಕ್ಕನಿಗೆ ಒದೆಯುವ ಕಷ್ಟ

ಸಂಜೆಯ ಕರಾಟೆ ಕ್ಲಾಸಿನಲ್ಲಿ ನರಸಿಂಹರಾಜು ಮೇಷ್ಟ್ರು ಜೋಡಿ ಮಾಡಿಕೊಳ್ಳಿ ಅಂದದ್ದೇ ತಡ, ಮಧುಗಿರಿಯ ಸರ್ಕಾರಿ ಶಾಲೆಯ ಹಾಲ್‌ನಲ್ಲಿ ಪಾವಗಡದ ಬಸ್ಸಿಗೆ ಟವೆಲ್ ಎಸೆದು ಸೀಟು ಹಿಡಿಯುವಂಥ ನುಗ್ಗಾಟ ಶುರುವಾಗುತ್ತಿತ್ತು. ಮೆತ್ತಗೆ ಹೊಡೆಯುವವರಿಗೆ ಭಾರಿ ಡಿಮ್ಯಾಂಡು. ಶೃತಿಯ ಹತ್ತಿರ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ. ಅವಳಿಂದ ಒದೆ ತಿಂದ ಚೇತನ್ ಕುಮಾರ್ ಎರಡು ದಿನ ಬೈಕಿನ ಮೇಲೆ ಓರೆಯಾಗಿ ಕೂತು ಓಡಾಡಿದ್ದನ್ನು ಊರೇ ನೋಡಿತ್ತು. ಆಮೇಲಿಂದ ಮೀಸೆ ತಿರುವುವ ಗಂಡಸರಿಗೆಲ್ಲ ಅವಳನ್ನು ಕಂಡೊಡನೆ ಸೊಂಟನೋವು, ಮಂಡಿನೋವು, ಮನೆದೇವರ ಹರಕೆ ನೆನಪಾಗುತ್ತಿದ್ದವು.

ಭಾನುವಾರ ಶಿರಾದಲ್ಲಿ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ. ಜೋಡಿಯನ್ನು ಅವರವರೇ ಕರೆತರಬೇಕು. ಪಾಸಾದರೆ ತೋವಿನಕೆರೆಯ ಹಾಸ್ಟೆಲ್ ಹುಡುಗಿಯರಿಗೆ ಕರಾಟೆ ಕಲಿಸುವ ಕೆಲಸ ಶೃತಿಗೆ ಸಿಗುತ್ತಿತ್ತು. ಇಲ್ಲದಿದ್ದರೆ ಸೋಮವಾರದಿಂದ ಗಾರ್ಮೆಂಟ್ಸ್ ವ್ಯಾನು ಹತ್ತಬೇಕು. ಆ ವ್ಯಾನಿನ ಹಾರ್ನ್ ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು.

ಕೊನೆಗೆ ಜೋಡಿಯಾಗಲು ಒಪ್ಪಿದ್ದು ಪುಟ್ಟಕ್ಕ ಒಬ್ಬಳೇ. ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಸಂಜೆ ಹಾಲ್‌ನ ಬೀಗ ತೆಗೆಯಲು ಬರುತ್ತಿದ್ದವಳು, ಸುಮ್ಮನೆ ಕೂತು ನೋಡುವುದು ಬೇಜಾರಾಗಿ ತಾನೂ ಸೇರಿಕೊಂಡಿದ್ದಳು. ವಯಸ್ಸು ಐವತ್ತೆರಡು, ಬೆಲ್ಟು ಹಳದಿ. ದಿನಾ ಇನ್ನೂರು ಮಕ್ಕಳ ಸಾಂಬಾರು ತಿರುವಿದ ತೋಳುಗಳಿಗೆ ಬೆಲ್ಟಿನ ಬಣ್ಣ ಕಟ್ಟಿಕೊಂಡು ಏನಾಗಬೇಕು?

ಆದರೆ ಶೃತಿ ಅಲ್ಲಿ ಓದುವಾಗ ಏಳು ವರ್ಷ ಅವಳ ತಟ್ಟೆಗೆ ಅನ್ನ ಹಾಕಿದವಳೂ ಅವಳೇ. ಮೊದಲ ಒದೆ ಪುಟ್ಟಕ್ಕನ ಸೊಂಟಕ್ಕೆ ತಾಗಿದ್ದೇ ಶೃತಿಯ ಕೈ ತಾನಾಗಿ ಹೋಗಿ ಅದೇ ಸೊಂಟ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ದೊಡ್ಡವರಿಗೆ ಕಾಲು ತಾಗಿದರೆ ಹಾಗೆ ಮಾಡುವುದು ಅವಳಿಗೆ ಮಾತು ಬರುವ ಮೊದಲೇ ಬಂದಿತ್ತು. ಬಗ್ಗಿದ ಬೆನ್ನಿಗೆ ಪುಟ್ಟಕ್ಕ ಧಬ್ ಅಂತ ಒಂದು ಕೊಟ್ಟಳು. ಪರೀಕ್ಷೆಯ ತನಕ ನಾಲ್ಕು ದಿನವೂ ಇದೇ ಕಥೆ. ಶೃತಿ ಒದೆಯುವುದು, ಬಗ್ಗುವುದು, ತಿನ್ನುವುದು. ಪುಟ್ಟಕ್ಕನ ಕಾಲು ಶೃತಿಗೆ ನೂರು ಸಲ ತಾಗಿದರೂ ಪುಟ್ಟಕ್ಕ ಮುಟ್ಟಿ ಕಣ್ಣಿಗೊತ್ತಿಕೊಂಡದ್ದಿಲ್ಲ. ಕೇಳಿದ್ದಕ್ಕೆ, ದೊಡ್ಡವರ ಕಾಲು ತಾಗಿದರೆ ಅದು ಆಶೀರ್ವಾದ ಅಂದುಬಿಟ್ಟಳು. ಗೋಡೆಗೆ ಒರಗಿದ್ದ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ಒಬ್ಬನೂ ಜೋಡಿಯಾಗಲು ಮುಂದೆ ಬರಲಿಲ್ಲ.

ಶಿರಾದಲ್ಲೂ ಶೃತಿ ಮೊದಲ ಒದೆಗೇ ಬಗ್ಗಿದಳು. ಪರೀಕ್ಷಕರು ಕನ್ನಡಕ ತೆಗೆದು, ಇದೇನು ಪರೀಕ್ಷೆಗೆ ಬಂದದ್ದೋ ಪೂಜೆಗೋ ಅಂತ ಕೇಳಿದರು. ಒದ್ದು ಇನ್ನೊಂದು ಸಲ ಬಗ್ಗಿದರೆ ಮನೆಗೆ ಹೋಗಬಹುದು ಅಂದರು. ಶೃತಿಯ ಕಿವಿಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿದಂತಾಯಿತು. ಅವಳಿಗೆ ನಿಜಕ್ಕೂ ಭಯವಾಯಿತು.

ಪುಟ್ಟಕ್ಕ ಹತ್ತಿರ ಬಂದು ಮೆಲ್ಲಗೆ ಅಂದಳು: "ಲೇ ಶೃತಿ, ಒಂದೊಂದು ಒದೆಗೂ ಯಾಕೆ ಬಗ್ತೀಯ? ಈಗ್ಲೇ ಒಂದ್ಸಲ ಕಾಲಿಗೆ ಬಿದ್ಬುಡು. ಇವತ್ತಿನ್ದೆಲ್ಲಾ ಅದ್ರಾಗೇ ಮುಗೀತು. ಆಮ್ಯಾಕೆ ನಾನು ಹಾಕಿರೋ ಅನ್ನಕ್ಕೆ ಮರ್ವಾದೆ ಬರಂಗೆ ಒದಿ."

ಅಂಕಣದ ನಟ್ಟನಡುವೆ ಶೃತಿ ಪುಟ್ಟಕ್ಕನ ಕಾಲಿಗೆ ಬಿದ್ದಳು. ಪುಟ್ಟಕ್ಕ ತಲೆ ಮೇಲೆ ಕೈಯಿಟ್ಟಳು. ಪರೀಕ್ಷಕರು ಪೆನ್ನು ಕೆಳಗಿಟ್ಟರು. ಶೃತಿ ಎದ್ದು, ಉಸಿರು ಎಳೆದು, ಒದ್ದಳು. ಪುಟ್ಟಕ್ಕ ಎರಡು ಮಾರು ಹಿಂದಕ್ಕೆ ಹೋಗಿ ಕುಕ್ಕರಿಸಿದಳು. ಶೃತಿ ಬಗ್ಗಲಿಲ್ಲ. ಮುಂದಕ್ಕೆ ಹೊರಟ ಕೈಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ನಿಂತೇ ಇದ್ದಳು. ಪರೀಕ್ಷಕರು ಪೆನ್ನು ತೆಗೆದುಕೊಂಡು ಪಾಸ್ ಅಂತ ಬರೆದರು.

ಶೃತಿ ಓಡಿಹೋಗಿ ಕೈಕೊಟ್ಟು ಎಬ್ಬಿಸಿದಳು. ಏಳುವಾಗ ಪುಟ್ಟಕ್ಕನ ಕಾಲು ಅವಳ ಪಾದಕ್ಕೆ ತಾಗಿತು. ಪುಟ್ಟಕ್ಕ ಸೊಂಟ ಹಿಡಿದುಕೊಂಡೇ ಬಗ್ಗಿ, ಶೃತಿಯ ಪಾದ ಮುಟ್ಟಿ, ಬೆರಳು ಕಣ್ಣಿಗೊತ್ತಿಕೊಂಡಳು. ನೂರು ಒದೆಗೂ ಅಳದ ಹುಡುಗಿಗೆ ಅಳು ಒತ್ತರಿಸಿ ಬಂತು. ಇದೇನು ಪುಟ್ಟಕ್ಕ ಅಂತ ಕೈ ಹಿಡಿದುಕೊಂಡಳು.

"ಇವತ್ತಿಂದ ನೀನು ಮೇಷ್ಟ್ರು ಕಣಮ್ಮ," ಅಂದಳು ಪುಟ್ಟಕ್ಕ.