ನಿಲ್ಲದ ಬಕೆಟ್

ನನ್ನ ಟ್ರ್ಯಾಕ್ಟರಿನ ಲೋಡರ್ ಬಕೆಟ್ಟನ್ನು ಎತ್ತಿ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ತಾನಾಗಿಯೇ ನೆಲಕ್ಕೆ ಬರುತ್ತಿತ್ತು. ಅದನ್ನು ಎತ್ತಿ ಹಿಡಿಯುವ ಸಿಲಿಂಡರಿನ ಸೀಲ್ ಹೋಗಿದೆಯೆಂದು ನಾನೇ ತೀರ್ಮಾನಿಸಿ ಮೆಕ್ಯಾನಿಕ್ ಹತ್ತಿರ ಎರಡು ಸಲ ಹೊಸದು ಹಾಕಿಸಿದ್ದೆ. ಎರಡು ಸಲವೂ ಅವನು ತನ್ನ ಶೆಡ್ಡಿನಲ್ಲಿ ಎತ್ತಿ ತೋರಿಸಿದಾಗ ಬಕೆಟ್ ಬಂಡೆಯಂತೆ ನಿಂತಿತು. ನನ್ನ ಅಂಗಳಕ್ಕೆ ಬಂದರೆ ಮತ್ತೆ ಅದೇ ರಾಗ. ತಲೆಕೆಟ್ಟು ಅವನನ್ನು ಮನೆಗೇ ಕರೆಸಿದೆ.

ಬಕೆಟ್ ಎತ್ತಿ, ಎಂಜಿನ್ ಆರಿಸಿ, ಕೆಳಗಿಳಿದು ಕೂಗಾಡಿದೆ. "ನೋಡ್ರೀ, ಕಣ್ಣಾರೆ ನೋಡಿ! ಇಳೀತಾ ಇದೆಯೋ ಇಲ್ವೋ?"

ಅವನು ಸಿಲಿಂಡರನ್ನು ಬಿಟ್ಟು ಸೀಟಿನ ಕಡೆಗೇ ನೋಡುತ್ತ ನಿಂತ. ನನಗೆ ಮೈಯೆಲ್ಲ ಉರಿಯಿತು.

"ರೋಗ ಇಲ್ಲಿದೆ ಮಾರಾಯ್ರೇ, ಅಲ್ಲೇನು ನೋಡ್ತೀರಿ?"

ಅಷ್ಟರಲ್ಲಿ ಹೆಂಡತಿ ಬಂದಳು. "ಕೂಗಾಡಿದ್ದು ಸಾಕು. ಆ ಕೋಟಾದ್ರೂ ಕೊಡಿ, ಒಗೀಬೇಕು," ಎಂದು ಟ್ರ್ಯಾಕ್ಟರ್ ಹತ್ತಿದಳು. ಇಳಿಯುವಾಗಲೆಲ್ಲ ನಾನು ಬಕೆಟ್ ಏರಿಸಿ ಇಳಿಸುವ ಲಿವರಿಗೇ ನೇತುಹಾಕುತ್ತಿದ್ದ, ಜೇಬಿನ ತುಂಬ ಸ್ಪ್ಯಾನರುಗಳಿದ್ದ ಕೋಟನ್ನು ಎತ್ತಿಕೊಂಡಳು. ವಾಲಿದ್ದ ಲಿವರ್ ಟಕ್ಕೆಂದು ನೆಟ್ಟಗಾಯಿತು. ಬಕೆಟ್ ಇದ್ದಲ್ಲೇ ನಿಂತಿತು.

ಮೆಕ್ಯಾನಿಕ್ ತನ್ನ ಪೆಟ್ಟಿಗೆಯಿಂದ ಉದ್ದನೆಯ ಮೊಳೆಯೊಂದನ್ನು ತೆಗೆದು ನನ್ನ ಕೈಗಿಟ್ಟ.

"ಗೋಡೆಗೆ ಹೊಡ್ಕೊಳ್ಳಿ."