ಅಧ್ಯಕ್ಷರ ನಾಲ್ಕು ಸೆಂಟಿಮೀಟರ್

ಘೋಡಬಂದರ್ ರಸ್ತೆಯ ತಮ್ಮ ಹದಿನೇಳನೇ ಮಹಡಿಯ ಮನೆಯಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷ ಶ್ರೀಕಂಠ ಅವರು ಕಂಪ್ಯೂಟರ್ ಪರದೆಗೆ ಸ್ಟೀಲ್ ಸ್ಕೇಲು ಹಿಡಿದು ಆಹ್ವಾನ ಪತ್ರಿಕೆಯ ಕರಡಿನಲ್ಲಿದ್ದ ತಮ್ಮ ಫೋಟೋವನ್ನು ಅಳೆಯುತ್ತಿದ್ದರು.

“ಒಂದೂವರೆ ಸೆಂಟಿಮೀಟರ್! ನಳಿನಿ, ಹೋದ ವರ್ಷದ ಆಹ್ವಾನ ಪತ್ರಿಕೇಲಿ ನಾನು ನಾಲ್ಕಿದ್ದೆ.”

ನಾನು ಸಂಘದ ಕಾರ್ಯದರ್ಶಿ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪ್ರಯೋಗಾಲಯವೊಂದರಲ್ಲಿ ದಿನವಿಡೀ ಅಳೆಯುವುದೇ ನನ್ನ ಉದ್ಯೋಗ. ತಪ್ಪು ಅಳತೆ ಕಂಡರೆ ಸುಮ್ಮನಿರಲಾಗುವುದಿಲ್ಲ.

“ಸರ್, ನಿಮ್ಮ ಹೊಸ ಮಾನಿಟರ್ ಫೋರ್-ಕೆ. ಅದರ ಚುಕ್ಕೆಗಳು ತೀರಾ ಸಣ್ಣವು, ಅದಕ್ಕೇ ಎಲ್ಲ ಚಿಕ್ಕದಾಗಿ ಕಾಣುತ್ತೆ. ಅಚ್ಚಿನಲ್ಲಿ ಎರಡೂವರೆ ಬರುತ್ತೆ.”

“ಇಲ್ಲಿ ನೂರು ಪರ್ಸೆಂಟ್ ಅಂತ ಬರೆದಿದೆಯಲ್ಲಮ್ಮಾ. ನೂರು ಅಂದ್ರೆ ನೂರು. ನಾಲ್ಕು ಮಾಡು.”

ಅವರು ಬೇಲಾಪುರದ ಕಚೇರಿಯೊಂದರಲ್ಲಿ ಫೈನಾನ್ಸ್ ನೋಡಿಕೊಳ್ಳುವವರು. ಅಂಕಿಯ ಎದುರು ವಿವರಣೆ ನಿಲ್ಲುವುದಿಲ್ಲ. ಆದರೆ ಆ ಸ್ಕೇಲಿಗೆ ನಾಲ್ಕು ತೋರಿಸಬೇಕಾದರೆ ಅಚ್ಚಿನಲ್ಲಿ ಅವರು ಸುಮಾರು ಏಳು ಸೆಂಟಿಮೀಟರ್ ಆಗಬೇಕು. ಆಗ ಗುರಮ್ಮನಿಗೆ ಜಾಗವೇ ಉಳಿಯದು. ಸಮಾರಂಭವಿದ್ದದ್ದೇ ಗುರಮ್ಮನ ಸನ್ಮಾನಕ್ಕೆ. ವಿಜಯಪುರದ ಕಡೆಯಿಂದ ಬಂದು ನಮ್ಮ ಸಂಘದ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತರಾಗುತ್ತಿದ್ದರು. ಆಧಾರ್ ಕಾರ್ಡೊಂದನ್ನು ಬಿಟ್ಟರೆ ಅವರ ಫೋಟೋ ಎಲ್ಲೂ ಅಚ್ಚಾಗಿರಲಿಲ್ಲ.

“ಗುರಮ್ಮಂದು ಹೆಸರು ಹಾಕಿದ್ರೆ ಸಾಕು. ಅವರನ್ನ ಎಲ್ಲರೂ ನೋಡಿದ್ದಾರೆ.”

“ನಿಮ್ಮನ್ನೂ ನೋಡಿದ್ದಾರೆ, ಸರ್.”

ಹೇಳಬಾರದಿತ್ತು. ಅವರು ಸ್ಕೇಲು ಮೇಜಿನ ಮೇಲಿಟ್ಟು ಕಾಫಿ ತರಲು ಒಳಗೆ ಹೋದರು. ಕಲ್ಯಾಣದ ಮುದ್ರಕರು ಆರು ಗಂಟೆಯವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದರು. ಆಗಲೇ ಐದೂಮುಕ್ಕಾಲು.

ನಾನು ಮಾನಿಟರಿನ ಸೆಟ್ಟಿಂಗ್ ತೆರೆದೆ. ಚುಕ್ಕೆಗಳ ಸಂಖ್ಯೆಯನ್ನು 2560×1440ಕ್ಕೆ ಇಳಿಸಿದರೆ ಅವರ ಸ್ಕೇಲು ಹೆಚ್ಚುಕಡಿಮೆ ನಿಜ, ಅಂದರೆ ಎರಡೂವರೆ, ಹೇಳುತ್ತಿತ್ತು. ವಿಜ್ಞಾನಕ್ಕೆ ಅದೇ ಸರಿ, ಗುರಮ್ಮನಿಗಲ್ಲ. ಪಟ್ಟಿಯಲ್ಲಿ ಇನ್ನೂ ಕೆಳಗಿಳಿದು 1280×720 ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ, ಐಕಾನುಗಳೆಲ್ಲ ನೆನೆಸಿದ ಕಡಲೆಯಂತೆ ಉಬ್ಬಿ ಬಂದವು. ನಡುವೆ ಒಂದು ಪ್ರಶ್ನೆ: ಈ ಬದಲಾವಣೆ ಉಳಿಸಬೇಕೇ? ಉಳಿಸದಿದ್ದರೆ ಹಳೆಯದಕ್ಕೇ ಮರಳಲು ಹದಿನೈದು ಸೆಕೆಂಡು, ಹದಿನಾಲ್ಕು, ಹದಿಮೂರು...

ಅಧ್ಯಕ್ಷರ ಚಪ್ಪಲಿಯ ಸದ್ದು ಕೇಳಿತು. ಗಾಬರಿಯಲ್ಲಿ ಮೌಸ್ ನನ್ನ ಕೈ ತಪ್ಪಿ ಮೇಜಿನಿಂದ ಜಾರಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರ ಮಗಳು ಮಾನ್ಯಾ, ಕಾಲೇಜು ಹುಡುಗಿ, ಬಂದು ಬಗ್ಗಿ ಅದನ್ನೆತ್ತಿ ‘ಉಳಿಸು’ ಒತ್ತಿ ಏನೂ ಆಗದವಳಂತೆ ಪಕ್ಕಕ್ಕೆ ಸರಿದಳು.

ಅಧ್ಯಕ್ಷರು ಲೋಟಗಳನ್ನಿಟ್ಟು ಸ್ಕೇಲು ಹಿಡಿದರು. “ನಾಲ್ಕು ಪಾಯಿಂಟ್ ನಾಲ್ಕು! ಮತ್ತೆ ಆಗಲ್ಲ ಅಂದೆ? ಆದ್ರೆ ಸ್ವಲ್ಪ ಮಸುಕಾಗಿದೆಯಲ್ಲ?”

“ಪಪ್ಪಾ, ಸಾಫ್ಟ್ ಫೋಕಸ್ ಹೈ,” ಅಂದಳು ಮಾನ್ಯಾ. “ಏಕದಮ್ ಹೀರೋ ಲಗ್ ರಹೇ ಹೋ.”

ಹೀರೋ ಕೂದಲು ಸವರಿಕೊಂಡರು. “ಗುರಮ್ಮನೂ ಇದ್ದಾರಲ್ಲ! ನೋಡು, ಮನಸ್ಸಿದ್ರೆ ಎಲ್ಲರಿಗೂ ಜಾಗ ಆಗುತ್ತೆ. ಏನು ಮಾಡಿದೆ?”

“ಸರಿ ಮಾಡಿದೆ, ಸರ್.” ಯಾವುದನ್ನು ಎಂದು ಅವರು ಕೇಳಲಿಲ್ಲ. ‘ಅಳತೆ ಸರಿಯಾಗಿದೆ, ಅಚ್ಚು ಹಾಕಿ’ ಎಂದು ತಾವೇ ಮುದ್ರಕರಿಗೆ ಮೇಲ್ ಕಳಿಸಿದರು.

ಸಮಾರಂಭದ ದಿನ ವೇದಿಕೆ ಏರುವ ಮುನ್ನ ಅಧ್ಯಕ್ಷರು ಆಹ್ವಾನ ಪತ್ರಿಕೆ ಹಿಡಿದು ನನ್ನನ್ನು ಮೂಲೆಗೆ ಕರೆದರು. ಅದರಲ್ಲಿ ಗುರಮ್ಮ, ಕೈಯಲ್ಲಿ ಸೌಟು ಹಿಡಿದು, ಅರ್ಧ ಪುಟ ತುಂಬಿ ನಗುತ್ತಿದ್ದರು. ಅಧ್ಯಕ್ಷರು ಕೆಳಗೆ, ಎರಡೂವರೆ ಸೆಂಟಿಮೀಟರಿನಲ್ಲಿ.

“ಇದೇನಮ್ಮಾ ಇದು?”

“ಕಾಗದ, ಸರ್. ಒಣಗುವಾಗ ಸ್ವಲ್ಪ ಕುಗ್ಗುತ್ತೆ.” ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ನಾನು ಇಷ್ಟು ಕೆಟ್ಟ ವಿವರಣೆಯನ್ನು ಯಾರಿಗೂ ಕೊಟ್ಟಿರಲಿಲ್ಲ.

“ಹಾಗಿದ್ರೆ ಗುರಮ್ಮ ಯಾಕೆ ಕುಗ್ಗಿಲ್ಲ?”

ನಮ್ಮ ಹಿಂದೆ, ಹೊಸ ಇಳಕಲ್ ಸೀರೆಯಲ್ಲಿ ಗುರಮ್ಮನೇ ನಿಂತಿದ್ದರು.

“ಮೂವತ್ತ್ ವರ್ಷ ಒಲಿ ಮುಂದ ಕುಂತು ಒಣಗೀನ್ರೀ ಸಾಹೇಬ್ರ. ಇನ್ನೇನ್ ಕುಗ್ಗತೀನಿ?”

ಸುತ್ತಲಿದ್ದವರು ನಗಬೇಕೋ ಬೇಡವೋ ಎಂದು ಅಧ್ಯಕ್ಷರ ಮುಖ ನೋಡಿದರು. ಅವರೇ ಮೊದಲು ನಕ್ಕು, ಗುರಮ್ಮನನ್ನು ಮುಂದೆ ಬಿಟ್ಟು ಮೆಟ್ಟಿಲು ಹತ್ತಿದರು.